ಜೆಸ್ಸಿ ಹುಟ್ಟಿದ ವರ್ಷದ ವೈನ್

ಡೊಮಿನಿಕ್‌ನ ಬಾಟಲಿ ಮಣ್ಣುಪಾಲಾದದ್ದು ನನ್ನಿಂದ. ಇಷ್ಟನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಕುವೈತಿನ ಶುವೈಖ್ ಬಂದರಿನ ಪಕ್ಕದ ಗೋದಾಮಿನಲ್ಲಿ ಅವನು ಬಡಗಿ, ನಾನು ಟೈಪಿಸ್ಟ್. ನಾನು ಮೈಸೂರಿನವನು, ಅವನು ಕಿನ್ನಿಗೋಳಿಯವನು. ಮಾತು ಕಡಿಮೆ. ಆದರೆ ಮರದ ವಿಷಯ ಎತ್ತಿದರೆ ಮುಗಿಯಿತು, ಊಟದ ಬಿಡುವೆಲ್ಲ ಅವನದೇ. ಹಡಗಿನ ಕೆಲಸದಲ್ಲಿದ್ದಾಗ ಸ್ಪೇನಿನಲ್ಲಿ ಕಾಲು ಮುರಿದುಕೊಂಡು ಅಲ್ಲೇ ಉಳಿದು, ರಿಯೋಹಾ ಎಂಬ ದ್ರಾಕ್ಷಿ ಸೀಮೆಯಲ್ಲಿ ಎರಡು ವರ್ಷ ವೈನಿನ ಪೀಪಾಯಿ ಕಟ್ಟಿದ್ದ. ಅಮೆರಿಕದಿಂದ ತರಿಸಿದ ಓಕ್ ಹಲಗೆಯನ್ನು ಬೆಂಕಿಯ ಮೇಲೆ ಬಗ್ಗಿಸಬೇಕಂತೆ, ಹಲಗೆಗೆ ಒಂದು ಮೊಳೆಯನ್ನೂ ಹೊಡೆಯಬಾರದಂತೆ. ಅದರಲ್ಲಿ ಮೂರು ವರ್ಷ ಮಲಗಿದ ಕೆಂಪು ವೈನಿಗೆ ಮರದ ಪರಿಮಳ ಹತ್ತುತ್ತದೆ, ಒಗರು ಇಳಿಯುತ್ತದೆ. ಪುಣ್ಯಾತ್ಮ ಇದನ್ನೆಲ್ಲ ನನಗೆ ನೂರು ಸಲ ಹೇಳಿದ್ದಾನೆ, ಅದೂ ಮದ್ಯ ಮುಟ್ಟಿದರೆ ಜೈಲು ಅನ್ನುವ ಕುವೈತಿನಲ್ಲಿ ಕೂತು.

ಅವನು ಸ್ಪೇನಿನಲ್ಲಿದ್ದಾಗಲೇ, ಅರವತ್ತನಾಲ್ಕರಲ್ಲಿ, ಊರಿನಲ್ಲಿ ಮಗಳು ಜೆಸ್ಸಿ ಹುಟ್ಟಿದ್ದು. ಕೆಲಸ ಕಲಿಸಿದ ಮುದುಕ ಎಮೆತೇರಿಯೊ ಆ ವರ್ಷದ ವೈನಿನ ಒಂದು ಬಾಟಲಿಯನ್ನು ಅವಳ ಮದುವೆಗೆಂದು ತೆಗೆದಿಡುತ್ತೇನೆ ಎಂದು ಮಾತು ಕೊಟ್ಟಿದ್ದ. ಎಂಬತ್ತನಾಲ್ಕರಲ್ಲಿ ಮದುವೆ ಗೊತ್ತಾಯಿತು. ಬಾಟಲಿಯನ್ನು ಕಿನ್ನಿಗೋಳಿಗೆ ಕಳಿಸುವಂತೆ ಮುದುಕನಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದುಕೊಡಿ ಎಂದು ಡೊಮಿನಿಕ್ ನನ್ನಲ್ಲಿಗೆ ಬಂದ. ಮಗಳು ಬೆಳೆದದ್ದನ್ನು ರಜೆಯಲ್ಲಷ್ಟೇ ಕಂಡ ಅಪ್ಪನಿಗೆ, ಅವಳಿಗೆಂದೇ ಇಟ್ಟದ್ದು ಅದೊಂದೇ ಇತ್ತು.

ಕಾಗದ ಚೆನ್ನಾಗಿಯೇ ಬರೆದೆ. ಕಿನ್ನಿಗೋಳಿಯ ವಿಳಾಸವೂ ಅದರಲ್ಲಿತ್ತು. ಆದರೆ ಕುವೈತಿನಲ್ಲಿ ಮನೆ ಬಾಗಿಲಿಗೆ ಟಪಾಲು ಬರುವುದಿಲ್ಲ, ನಮ್ಮೆಲ್ಲರ ಕಾಗದವೂ ಕಂಪನಿಯ ಪೋಸ್ಟ್ ಬಾಕ್ಸಿಗೇ. ಹಾಳು ಕೈ ರೂಢಿಯಂತೆ ಕೊನೆಗೆ ನನ್ನ ಹೆಸರನ್ನೂ ಬಾಕ್ಸ್ ನಂಬರನ್ನೂ ಟೈಪ್ ಮಾಡಿತು. ಮುದುಕ ಅಲ್ಲಿಗೇ ಕಳಿಸಿದ.

ನನ್ನ ಹೆಸರಿಗೆ ಮರದ ಪೆಟ್ಟಿಗೆ ಬಂದಿದೆ ಎಂದು ಕಸ್ಟಮ್ಸಿನವರು ಕರೆಸಿದರು. ಪೆಟ್ಟಿಗೆ ಬಿಚ್ಚಲು ಡೊಮಿನಿಕ್‌ನನ್ನೇ ಕರೆದುಕೊಂಡು ಹೋದೆ. ಒಳಗೆ ಬಾಟಲಿ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಅವನು, ಇದು ನನ್ನದು, ಈ ಟೈಪಿಸ್ಟಿಗೆ ಏನೂ ಗೊತ್ತಿಲ್ಲ ಅಂದುಬಿಟ್ಟ. ಇಕಾಮಾ, ಅಂದರೆ ವಾಸದ ಪರವಾನಗಿ, ರದ್ದು ಮಾಡಿ ಅವನನ್ನು ಊರಿಗೆ ಅಟ್ಟಬಹುದಿತ್ತು. ವಯಸ್ಸಾದ ಅಧಿಕಾರಿ ಮದುವೆಯ ಸಂಗತಿ ಕೇಳಿ, ನಿನ್ನ ಕೈಯಾರೆ ಸಿಂಕಿಗೆ ಸುರಿ, ಖಲಾಸ್ ಅಂದರು.

ಡೊಮಿನಿಕ್ ಬಿರಡೆ ಎಳೆದ. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಸುರಿದ. ಎರಡು ಬೆರಳಿನಷ್ಟು ಉಳಿದಾಗ ನಿಲ್ಲಿಸಿದ. ಯಾಕೆಂದು ಅಧಿಕಾರಿ ಕೇಳಿದರು. ಉಳಿದದ್ದು ತಳದ ಗಷ್ಟು, ಅದನ್ನು ಯಾರಿಗೂ ಬಡಿಸುವುದಿಲ್ಲ ಅಂದ. ಆಮೇಲೆ ಎಲ್ಲಿದ್ದೇನೆಂದು ನೆನಪಾಗಿ ಅದನ್ನೂ ಸುರಿದ. ನನಗೆ ಅಳು ಬಂತು.

ದಾರಿಯಲ್ಲಿ ಕ್ಷಮೆ ಕೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

“ಪರಿಮಳ ಬಂತಲ್ಲ ರಾಯರೇ, ವೈನ್ ಒಳ್ಳೆದಾಗಿತ್ತು. ಮದುವೆ ಆದ ಮೇಲೆ ಮುದುಕರಿಗೆ ಇನ್ನೊಂದು ಕಾಗದ ಬರ್ದು ಕೊಡಿ. ಎಲ್ಲರೂ ಕುಡಿದ್ರು ಅಂತ ಬರೀರಿ. ಇಪ್ಪತ್ತು ವರ್ಷ ಇಟ್ಟು ಕಾದಿದ್ದಾರೆ ಅವರು.”

ಅವನು ರಜೆ ಮುಗಿಸಿ ಬಂದ ಮೇಲೆ ಬರೆದೆ. ಜೆಸ್ಸಿ ಕುಡಿದಳು, ಅವಳ ಗಂಡ ಕುಡಿದ, ಅವಳ ತಾಯಿ ಕಾರ್ಮೆಲ್‌ಬಾಯಿ ಕುಡಿದರು. ಡೊಮಿನಿಕ್ ಪಕ್ಕದಲ್ಲಿ ನಿಂತು ಒಂದೊಂದು ಹೆಸರಿಗೂ ತಲೆಯಾಡಿಸಿದ. ಹುಟ್ಟಿದಾಗಿನಿಂದ ಕಾಫಿಯ ಆಚೆಗೆ ಏನನ್ನೂ ಮುಟ್ಟದ ನಾನು, ಅವನನ್ನು ಕೇಳದೆಯೇ ಕೊನೆಗೊಂದು ಸಾಲು ಸೇರಿಸಿದೆ, ನಾನೂ ಒಂದು ಗುಟುಕು ಕುಡಿದೆ ಎಂದು.