ಜಂಬಣ್ಣ ಕಟ್ಟಿದ ಗೋಡೆ

ಮಾನ್ವಿಯ ಸುತ್ತ ಯಾವ ಊರಲ್ಲಿ ನಾಟಕವಾದರೂ ಹಿಂದಿನ ಪರದೆ ಜಂಬಣ್ಣನದೇ. ಅವನ ಅರಮನೆಯ ಕಂಬಗಳು ಗುಲಾಬಿ, ಕಾಡು ಗಿಳಿಹಸಿರು, ರಾಜನ ತೋಟದಲ್ಲಿ ಹಗಲಲ್ಲೂ ಚಂದ್ರ. ಪರದೆ ಇಳಿದರೆ ಸಾಕು, ನಟರು ಬಾಯಿ ತೆರೆಯುವ ಮೊದಲೇ ಜನ ಶಿಳ್ಳೆ ಹೊಡೆಯುತ್ತಿದ್ದರು. ಕೆಳಗಿನ ಮೂಲೆಯಲ್ಲಿ ‘ಆರ್ಟಿಸ್ಟ್ ಜಂಬಣ್ಣ, ಮಾನ್ವಿ’ ಎಂದು ಬರೆಯದೆ ಅವನು ಎಂದೂ ಕುಂಚ ತೊಳೆದವನಲ್ಲ.

ಎಪ್ಪತ್ತೊಂಬತ್ತರಲ್ಲಿ ದೇವದುರ್ಗಕ್ಕೆ ಬಂದ ಸಿನಿಮಾದವರು ಜಂಬಣ್ಣನನ್ನು ಕರೆಸಿದರು. ಒಂದು ಓಣಿಯಲ್ಲಿ ಹಿಂದಿನ ಮಳೆಗೆ ಬಿದ್ದುಹೋದ ಗೋಡೆಯ ಜಾಗದಲ್ಲಿ ಅವರಿಗೆ ಹೊಸದಾಗಿ ಒಂದು ಹಳೆಯ ಗೋಡೆ ಬೇಕಂತೆ. ಆ ಮಾತೇ ಜಂಬಣ್ಣನ ತಲೆಗೆ ಹೋಗಲಿಲ್ಲ.

“ಇದು ಬಣ್ಣ ಅಂತ ಯಾರಿಗೂ ಗೊತ್ತಾಗಬಾರದು,” ಎಂದ ನಿರ್ದೇಶಕ.

“ಗೊತ್ತಾಗಲಿಲ್ಲಂದ್ರ ನಾ ಬರ್ದೀನಿ ಅಂತ ಹೆಂಗ ತಿಳೀತದ್ರೀ?”

ನಿರ್ದೇಶಕ ನಕ್ಕು ಹೊರಟುಹೋದ. ಆ ನಗುವಿನ ಅರ್ಥ ಹೆಸರು ಬರೆಯೆಂದೋ ಬೇಡವೆಂದೋ ತಿಳಿಯದೆ ಜಂಬಣ್ಣ ತಲೆ ಕೆರೆದುಕೊಂಡ.

ಬಿದಿರಿನ ತಟ್ಟಿ ನಿಲ್ಲಿಸಿ, ಗೋಣಿತಟ್ಟು ಬಡಿದು, ಮಣ್ಣು ಬಳಿದ. ಅದರ ಮೇಲೆ ಬಿರುಕು ಬರೆದ, ಮಳೆನೀರು ಇಳಿದ ಕಲೆ ಬರೆದ. ಚಂದದ ಗೋಡೆಯನ್ನು ಕೈಯಾರೆ ಕೆಡಿಸುವಾಗ ತನಗೆ ತಾನೇ ಬೈದುಕೊಂಡ. ಕೊನೆಗೆ ಮನಸ್ಸು ತಡೆಯದೆ, ಕೆಳಗಿನ ಮೂಲೆಯಲ್ಲಿ ಮಣ್ಣಿನ ಬಣ್ಣದಲ್ಲೇ ತನ್ನ ಹೆಸರು ಬರೆದುಬಿಟ್ಟ. ಹೆಂಡತಿ ಭೀಮವ್ವನಿಗೆ ಮಾತ್ರ ಗುಟ್ಟು ಹೇಳಿದ. ಅಷ್ಟು ಸಾಕಾಯಿತು, ಮಾನ್ವಿಯ ಅರ್ಧ ಓಣಿಗೆ ಸುದ್ದಿ ಮುಟ್ಟಿತು.

ಶೂಟಿಂಗ್ ದಿನ ಬೆಳಿಗ್ಗೆ ಬಂದು ನೋಡಿದರೆ ಗೋಡೆಯ ತುಂಬ ಸಾಲು ಸಾಲು ಸಗಣಿಯ ಕುಳ್ಳು. ಪಕ್ಕದ ಮನೆಯ ಮುದುಕಮ್ಮ ಸಗಣಿಬುಟ್ಟಿ ಹಿಡಿದು ನಿಂತಿದ್ದಳು.

“ಯವ್ವಾ, ಏನ್ ಮಾಡಿದಿಬೇ? ಇದು ಸುಳ್ಳ ಗ್ವಾಡಿ.”

“ಮದವಿ ಆಗಿ ಬಂದಾಗಿಂದ ಇಲ್ಲೇ ಬಡೀತೀನಿ. ಬಿದ್ದದ್ದನ್ನ ಯಾರೋ ಪುಣ್ಯಾತ್ಮ ಕಟ್ಟಿಸ್ಯಾನ ಅಂತ ಮಾಡಿದ್ದೆ.”

ಜಂಬಣ್ಣ ಕುಳ್ಳು ಕೀಳಲು ಕೈ ಹಾಕಿದ. ಅಷ್ಟರಲ್ಲಿ ನಿರ್ದೇಶಕ ಓಡಿಬಂದು ತಡೆದ. “ಒಂದನ್ನೂ ಮುಟ್ಟಬೇಡಿ. ನನಗೆ ಬೇಕಾಗಿದ್ದು ಇದೇ,” ಎಂದು ಅವನ ಬೆನ್ನು ತಟ್ಟಿದ. ಹೊಗಳಿಕೆ ತನಗೋ ಮುದುಕಮ್ಮನಿಗೋ ಎಂದು ಯೋಚಿಸುತ್ತ ಜಂಬಣ್ಣ ಬಗ್ಗಿ ನೋಡಿದ. ಮೂಲೆಯ ಕುಳ್ಳು ಅವನ ಹೆಸರಿನ ಮೇಲೆಯೇ ಕೂತಿತ್ತು.

ಮರುವರ್ಷ ಆ ಸಿನಿಮಾ ರಾಯಚೂರಿಗೆ ಬಂತು. ತನ್ನ ಓಣಿಯವರನ್ನೆಲ್ಲ ಕಟ್ಟಿಕೊಂಡು ಜಂಬಣ್ಣ ಟಾಕೀಜಿಗೆ ಹೋದ. ಗೋಡೆ ತೆರೆಯ ತುಂಬ ಬಂದಾಗ ಸೀಟಿನ ತುದಿಗೆ ಸರಿದು ಕೂತ.

“ನಿಮ್ಮ ಹೆಸರು ಎಲ್ಲಿ ಅದ್ರೀ?” ಎಂದಳು ಭೀಮವ್ವ.

“ಅದ. ಮೂಲ್ಯಾಗಿನ ಕುಳ್ಳಿನ ಹಿಂದ ಅದ.”

ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿದ್ದ ದೇವದುರ್ಗದವನೊಬ್ಬ ಎದ್ದು ನಿಂತ. “ಲೇ, ಅದು ನಮ್ಮ ಮುದುಕಮ್ಮನ ಗ್ವಾಡಿ ನೋಡ್ರಲೇ,” ಎಂದು ಜೋರಾಗಿ ಶಿಳ್ಳೆ ಹಾಕಿದ. ಟಾಕೀಜಿಗೆ ಟಾಕೀಜೇ ಶಿಳ್ಳೆ ಹೊಡೆಯಿತು.

ಜಂಬಣ್ಣನಿಗೆ ಹೊಟ್ಟೆ ಉರಿಯಿತು, ಹೆಮ್ಮೆಯೂ ಆಯಿತು, ಯಾವುದನ್ನು ಹಿಡಿಯುವುದೋ ತಿಳಿಯಲಿಲ್ಲ. ಕಣ್ಣು ಒರೆಸಿಕೊಂಡು, ಎರಡು ಬೆರಳು ಬಾಯಿಗಿಟ್ಟು, ಮುದುಕಮ್ಮನ ಗೋಡೆಗೆ ತಾನೂ ಒಂದು ಶಿಳ್ಳೆ ಹೊಡೆದ.