ಪಿ.ಟಿ. ಮೇಡಂ ಮರ ಹತ್ತಿದ್ದು

ಬನಶಂಕರಿ ಎರಡನೇ ಹಂತದ ಆ ರಸ್ತೆಯಲ್ಲಿ ಪಿ.ಟಿ. ಮೇಡಂ ಎಂದರೆ ಇವತ್ತಿಗೂ ಜ್ಯೋತ್ಸ್ನಾ ಒಬ್ಬರೇ. ಹೈಸ್ಕೂಲಿನ ಮೈದಾನದಲ್ಲಿ ಸೀಟಿ ಊದಿಯೇ ಸರ್ವಿಸ್ ಮುಗಿಸಿದವರು. ಯಾರಾದರೂ ಮಂಡಿನೋವಿನ ಮಾತೆತ್ತಿದರೆ ಮುಖ ಸಿಂಡರಿಸುವ ಜಾತಿ. ಅಂಥವರನ್ನೂ ಹಿತ್ತಿಲ ತೆಂಗಿನ ಮರ ಪೇಚಿಗೆ ಸಿಕ್ಕಿಸಿತು.

ಅತ್ತೆ ಸಿದ್ದಗಂಗಮ್ಮ ನೆಟ್ಟ ಮರ. ಕಾಯಿಗೇನೂ ಬರವಿಲ್ಲ, ಕೆಡವುವವರೇ ಈಗ ಸಿಗುವುದಿಲ್ಲ. ಒಣಗಿದ ಕಾಯೊಂದು ತಾನಾಗಿ ಕಳಚಿ ಬಿದ್ದು, ಪಕ್ಕದ ಮನೆಯ ಸೀತಮ್ಮನವರ ಒಗೆಯುವ ಕಲ್ಲಿಗೆ ನೆರಳಾಗಿದ್ದ ಸಿಮೆಂಟ್ ಶೀಟನ್ನು ಒಡೆಯಿತು.

"ಶೀಟ್ ಹೋದ್ರೆ ಹೋಯ್ತು ಮೇಡಂ, ನಾಳೆ ನನ್ ತಲೆ ಮೇಲೆ ಬಿದ್ರೆ?" ಎಂದರು ಸೀತಮ್ಮ.

ಜ್ಯೋತ್ಸ್ನಾರ ಪತಿ ಕೈಲಾಸ್ ಮರ ಕಡಿಯುವವರಿಗೆ ಬರಹೇಳಿದರು.

"ಸ್ವಲ್ಪ ದಿನ ತಡೀರಿ. ನಾನೇ ಹತ್ತಿ ಇಳಿಸ್ತೀನಿ. ಆಗ್ಲಿಲ್ಲ ಅಂದ್ರೆ ಕಡಿಸಿ, ಮಾತಾಡಲ್ಲ," ಎಂದರು ಜ್ಯೋತ್ಸ್ನಾ.

"ಈ ವಯಸ್ಸಲ್ಲಾ? ತಲೆ ಕೆಟ್ಟಿದ್ಯಾ ನಿಂಗೆ?" ಎಂದರೂ ಕೈಲಾಸ್ ಕಡಿಯುವವರನ್ನು ಕೆಲವು ವಾರ ಮುಂದಕ್ಕೆ ಹಾಕಿದರು.

ಸೀರೆ ಬೀರು ಸೇರಿತು, ಟ್ರ್ಯಾಕ್ ಸೂಟು ಹೊರಬಂತು. ಪೆಡಲು ತುಳಿದು ಮರ ಹತ್ತುವ ಯಂತ್ರವೂ ಬಂತು. ಅದನ್ನು ಬಳಸಲು ಗೊತ್ತಿದ್ದವರನ್ನು ಹುಡುಕಿಕೊಂಡು ಹೋಗಿ ಕಲಿತರು. ಮೊದಮೊದಲು ಆಳೆತ್ತರಕ್ಕೇ ಇಳಿದುಬಿಡುತ್ತಿದ್ದರು. ಕಾಂಪೌಂಡಿನಾಚೆ ನಕ್ಕವರು ನಕ್ಕರು. ಸ್ಕೂಲಿನ ಮಕ್ಕಳನ್ನು ಗದರಿಸುತ್ತಿದ್ದ ದನಿಯಲ್ಲೇ ಮೇಡಂ ತಮಗೆ ತಾವೇ "ಇನ್ನೊಂದ್ ಸಲ" ಎಂದುಕೊಂಡರು.

ಗೊತ್ತುಮಾಡಿದ ಭಾನುವಾರ ಕೊಡಲಿ ಹಿಡಿದವರು ಬಂದೇಬಿಟ್ಟರು. "ಕೂತ್ಕೊಳ್ರಪ್ಪಾ, ಕಾಫಿ ಕುಡೀರಿ," ಎಂದವರೇ ಜ್ಯೋತ್ಸ್ನಾ ಸೊಂಟಕ್ಕೆ ಬೆಲ್ಟು ಬಿಗಿದು ಹತ್ತತೊಡಗಿದರು. ಅರ್ಧ ಮರಕ್ಕೆ ನಿಂತುಬಿಟ್ಟರು.

"ಸಾಕು ಕಣೇ, ಇಳಿ!" ಕೈಲಾಸ್ ಕೆಳಗಿಂದ ಕೂಗಿದರು.

ಕೆಳಗೆ ನೋಡಿದರೆ ಗೋಡೆಗೆ ಒರಗಿಸಿಟ್ಟ ಕೊಡಲಿ. ಈಗ ಇಳಿದರೆ ಅತ್ತೆಯ ಮರವೂ ನೆಲಕ್ಕಿಳಿದ ಹಾಗೇ. ಹಲ್ಲು ಕಚ್ಚಿ ಮತ್ತೆ ಪೆಡಲು ತುಳಿದರು.

ತುದಿಯಿಂದ ಸೀಟಿ ಕೇಳಿತು. ಕೆಳಗಿದ್ದವರೆಲ್ಲ ದಡಬಡನೆ ಸರಿದು ನಿಂತರು. ಹಗ್ಗದಲ್ಲಿ ಮೊದಲ ಗೊನೆ ಇಳಿದು ಬಂತು. ಹಿಂದೆಯೇ ಇನ್ನೊಂದು. ಕೊಡಲಿಯವರು ಎಳನೀರು ಕುಡಿದು ಬಂದ ದಾರಿ ಹಿಡಿದರು. ಇಳಿದು ಬಂದ ಹೆಂಡತಿಯ ತರಚಿದ ಅಂಗೈ ಹಿಡಿದುಕೊಂಡು ಕೈಲಾಸ್, "ಅಮ್ಮ ಇದನ್ನ ನೋಡ್ಬೇಕಿತ್ತು," ಎಂದರು. ಜ್ಯೋತ್ಸ್ನಾಗೆ ಅಷ್ಟು ಹೆಮ್ಮೆ ನಿವೃತ್ತಿಯ ದಿನ ಹಾಕಿದ ಹಾರದಿಂದಲೂ ಆಗಿರಲಿಲ್ಲ.

ಈಗ ಆ ಹಿತ್ತಿಲಲ್ಲಿ ಸೀಟಿ ಕೇಳಿದರೆ ಸೀತಮ್ಮ ಒಗೆಯುವುದನ್ನು ಬಿಟ್ಟು ಒಳಗೆ ಓಡುತ್ತಾರೆ. ಮನೆಗೆ ನೆಂಟರು ಬಂದಿದ್ದರೆ ಅವರನ್ನೂ ಕಿಟಕಿಗೆ ಎಳೆದುಕೊಂಡು ಬಂದು ಮೇಲೆ ತೋರಿಸುತ್ತಾರೆ: "ಅಲ್ನೋಡಿ, ನಮ್ ಮೇಡಂ!"