ಕೊಳವೆ ಇಲ್ಲದ ಕೈಮಾ ಮೆಷಿನ್

ಸೌದಿಯ ಯಾನ್ಬುವಿನಲ್ಲಿ, ನನ್ನನ್ನು ಕೆಲಸಕ್ಕೆ ಕರೆಸಿಕೊಂಡ ನಮ್ಮ ಕಫೀಲ್ ತಾವೇ ಬೇಟೆಯಾಡಿದ ಎರಡು ಮೊಲ ಕೊಟ್ಟರು. ಕೈಮಾ ಮೆಷಿನ್ ಆರಿಸಲು ಅಂಗಡಿಗೆ ಹೋದೆ. ಒಂದರ ಜೊತೆ ಸಾಸೇಜ್ ತುಂಬುವ ಕೊಳವೆಯೂ ಇತ್ತು. ಅದನ್ನು ತಿರುಗಿಸಿ ನೋಡುವಾಗ ಬೆನ್ನ ಹಿಂದೆ ಯಾರೋ ಅರಬಿಯಲ್ಲಿ, "ಯಾವ ಮಾಂಸಕ್ಕೆ?" ಎಂದರು. ತಿರುಗಿದರೆ ಉದ್ದ ಗಡ್ಡದ ಹಿರಿಯರು. ನನ್ನ ಕಿಸೆಯಲ್ಲೋ ಮುಸ್ಲಿಮರಲ್ಲದವರಿಗೆ ಕೊಡುವ ಕಂದು ಇಕಾಮಾ, ವಾಸದ ಪರವಾನಗಿ. ಸಾಸೇಜ್ ಕೊಳವೆ ನೋಡಿ, ಇಲ್ಲಿ ನಿಷಿದ್ಧವಾದ ಹಂದಿಗೆ ಅಂತ ಗ್ರಹಿಸಿದರೆ ನನ್ನ ಕತೆ ಮುಗಿಯಿತು!

"ಮೊಲ... ಕಫೀಲ್ ಹೊಡೆದದ್ದು" ಎಂದೆ.

ಅವರು ಮೆಷಿನನ್ನೇ ಕಸಿದುಕೊಂಡರು. "ಇದು ಬೇಡ, ದೊಡ್ಡ ತೂತಿನದ್ದು ತಗೋ. ಮೊದಲು ಸೀಸದ ಗುಂಡು ಹೆಕ್ಕು, ಇಲ್ಲದಿದ್ದರೆ ಬ್ಲೇಡ್ ಹೋಗ್ತದೆ." ಪುಣ್ಯಾತ್ಮರು ಬೇಟೆಗಾರರು!

ಅವರು ಹೇಳಿದ್ದನ್ನೇ ಕೊಂಡು ಮನೆಗೆ ಬಂದರೆ ಹೆಂಡತಿ, "ಸಾಸೇಜ್ ಕೊಳವೆ ಇದ್ದದ್ದು ಸಿಗಲಿಲ್ವಾ ಮಾರಾಯ್ರೆ?" ಅಂದಳು.

ಉತ್ತರಿಸುವ ಮೊದಲು ಕಿಟಕಿ ಮುಚ್ಚಿದೆ.